ಬಾಟ್ಲಿಯೊಳಗಿನ ಉಪ್ಪು



ಕಡೂರು, ತರೀಕೆರೆ, ಅಜ್ಜಂಪುರದ ಸಂಘಗಳ ಸಭೆಗೆ ನಾವು ಬಂದಾಗಲೆಲ್ಲ ಕೇಳಿಬರುವ ಒಂದು ಮಾತಿದೆ: "ತುಂಬಾ ಸುಸ್ತು ಸಿಸ್ಟರ್, ಒಂದು ಬಾಟ್ಲಿ ಏರಿಸ್ಕೊಂಡು ಬಂದೆ." ಆ ಬಾಟ್ಲಿಗೆಂದು ಸಂಘದಲ್ಲಿ ಸಾಲ ಕೇಳುವವರೂ ಇದ್ದಾರೆ. ಹಾಗಾದರೆ ಅದರೊಳಗೆ ಏನಿದೆ?

ಸಾಮಾನ್ಯ ಸಲೈನ್‌ನಲ್ಲಿ ಉಪ್ಪು ಶೇ. 0.9 ಇರುತ್ತದೆ. ಅಂದರೆ ಅರ್ಧ ಲೀಟರ್ ಬಾಟ್ಲಿಯಲ್ಲಿ ನಾಲ್ಕೂವರೆ ಗ್ರಾಂ ಉಪ್ಪು, ಮಿಕ್ಕಿದ್ದೆಲ್ಲ ನೀರು. ಶೇ. 5ರ ಗ್ಲೂಕೋಸ್ ಬಾಟ್ಲಿಯಾದರೆ 25 ಗ್ರಾಂ ಗ್ಲೂಕೋಸ್. ಒಂದು ರಾಗಿ ಮುದ್ದೆಯಲ್ಲಿ ಇದಕ್ಕಿಂತ ಹೆಚ್ಚು ಶಕ್ತಿ ಇದೆ! ವಾಂತಿ ನಿಲ್ಲದವರಿಗೆ, ಬಾಯಿಂದ ಕುಡಿಯಲಾಗದವರಿಗೆ ಬಾಟ್ಲಿ ಬೇಕೇ ಬೇಕು. ಬರೀ ಸುಸ್ತಿಗೆ ಬೇಡ.

ಇನ್ನೊಂದು ಸಲೈನ್ ಇದೆ, ಗಟ್ಟಿ ಉಪ್ಪಿನದು. ಶೇ. 3ರದ್ದು. ನೂರು ಮಿ.ಲೀ. ಬಾಟ್ಲಿಯಲ್ಲೇ 3 ಗ್ರಾಂ ಉಪ್ಪು. ಲೀಟರ್ ಲೆಕ್ಕದಲ್ಲಿ ಸಾಮಾನ್ಯ ಸಲೈನ್‌ನ ಸೋಡಿಯಂ 154 ಮಿಲಿಮೋಲ್ ಆದರೆ ಇದರದ್ದು 513. ನಮ್ಮ ರಕ್ತದಲ್ಲಿ ಇರಬೇಕಾದದ್ದು 135ರಿಂದ 145.

ಇದು ಯಾರಿಗೆ ಬೇಕಾಗುತ್ತದೆ? ಬಿ.ಪಿ.ಗೆಂದು ಮೂತ್ರ ಹೋಗಿಸುವ ಮಾತ್ರೆ ನುಂಗುವ ವಯಸ್ಸಾದ ಅತ್ತೆಯನ್ನು ನೆನೆಸಿಕೊಳ್ಳಿ. ನಾಲ್ಕು ದಿನ ವಾಂತಿ-ಭೇದಿ, ಊಟ ಸೇರದು, ಬರೀ ನೀರು ಕುಡಿಯುತ್ತಾರೆ. ರಕ್ತದ ಸೋಡಿಯಂ ಇಳಿಯುತ್ತದೆ, ನೀರು ಮೆದುಳಿನ ಕಣಗಳಿಗೆ ನುಗ್ಗಿ ಅವು ಊದಿಕೊಳ್ಳುತ್ತವೆ. ಅತ್ತೆ ಏನೇನೋ ಬಡಬಡಿಸುತ್ತಾರೆ, ಮನೆಯವರ ಗುರುತು ಸಿಗದು, ಆಮೇಲೆ ಫಿಟ್ಸ್. ಗಾಳಿ ಸೋಕಿದೆ ಅಂತ ತಾಯತಕ್ಕೆ ಓಡಿದರೆ ಹೊತ್ತು ಮೀರುತ್ತದೆ. 108ಕ್ಕೆ ಫೋನ್ ಮಾಡಿ, ನುಂಗುವ ಮಾತ್ರೆಗಳ ಚೀಟಿಯನ್ನೂ ಕೈಯಲ್ಲಿ ಹಿಡಿದುಕೊಳ್ಳಿ. ಪ್ರಜ್ಞೆ ಇಲ್ಲದವರ ಬಾಯಿಗೆ ಉಪ್ಪುನೀರು ಹಾಕಲೇಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಆಸ್ಪತ್ರೆಯಲ್ಲಿ ಗಟ್ಟಿ ಸಲೈನನ್ನು ಸ್ವಲ್ಪ ಸ್ವಲ್ಪವೇ ಅಳೆದು ಕೊಡುತ್ತಾರೆ. ಅದು ಊದಿದ ಮೆದುಳಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ತಲೆಗೆ ಪೆಟ್ಟಾಗಿ ಮೆದುಳು ಊದಿದಾಗಲೂ ಇದನ್ನು ಬಳಸುವುದುಂಟು. ಆದರೆ ಬಹಳ ದಿನದಿಂದ ಇಳಿದಿದ್ದ ಸೋಡಿಯಂ ಒಂದೇ ದಿನಕ್ಕೆ 8-10 ಅಂಕಕ್ಕಿಂತ ಹೆಚ್ಚು ಏರಬಾರದು. ಏರಿದರೆ ಮೆದುಳಿಗೆ ಹಾನಿಯಾಗಿ ಮಾತು, ನುಂಗುವುದು, ಕೈಕಾಲು ಎಲ್ಲ ಹೋಗಬಹುದು. ಅದಕ್ಕೇ ಮತ್ತೆ ಮತ್ತೆ ರಕ್ತ ತೆಗೆಯುವುದು, ದಿನಗಟ್ಟಲೆ ಇಟ್ಟುಕೊಳ್ಳುವುದು. "ದುಡ್ಡು ಕೀಳೋಕೆ ಇಟ್ಕೊಂಡಿದ್ದಾರೆ" ಅಂತ ಅರ್ಧಕ್ಕೇ ಬಿಡಿಸಿಕೊಂಡು ಬರಬೇಡಿ. ಅನುಮಾನವಿದ್ದರೆ "ಇವತ್ತು ಸೋಡಿಯಂ ಎಷ್ಟು?" ಅಂತ ಡಾಕ್ಟರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು.

(ಹಸು ಸಾಲ ತೆಗೆದವರಿಗೆ ಒಂದು ಮಾತು: ಬಹಳ ನಿತ್ರಾಣವಾದ ಹಸುವಿಗೆ ಪಶುವೈದ್ಯರು ಶೇ. 7.2ರ ಸಲೈನ್ ಕೊಡುವುದುಂಟು. ಕೊಟ್ಟ ಮೇಲೆ ಹಸುವಿಗೆ ವಿಪರೀತ ಬಾಯಾರಿಕೆ, ಬಕೆಟ್‌ಗಟ್ಟಲೆ ನೀರಿಡಬೇಕು.)

ಮನೆಯಲ್ಲೂ ನಾವು ಗೊತ್ತಿಲ್ಲದೆ ಗಟ್ಟಿ ಸಲೈನ್ ಮಾಡಿಬಿಡುತ್ತೇವೆ. ಹೇಗೆ ಗೊತ್ತಾ? ಒಂದು ಲೀಟರ್ ನೀರಿಗೆ ಹಾಕಬೇಕಾದ ಓ.ಆರ್.ಎಸ್. ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು! ಲೀಟರಿಗೆ 75 ಇರಬೇಕಾದ ಸೋಡಿಯಂ ಆಗ 375 ಆಗುತ್ತದೆ. ಭೇದಿಯಾದ ಮಗುವಿಗೆ ಇದು ಅಪಾಯ. 200 ಮಿ.ಲೀ.ಗೆ ಬೆರೆಸುವ ಚಿಕ್ಕ ಪೊಟ್ಟಣವೂ ಬರುತ್ತದೆ, ಮೇಲೆ ಬರೆದಿರುವುದನ್ನು ಓದಿ, ಓದಲು ಬಾರದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಪೊಟ್ಟಣ ಇಲ್ಲದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು, ಆರು ಟೀ ಚಮಚ ಸಕ್ಕರೆ. ಚಮಚ ಮಟ್ಟವಾಗಿರಲಿ, ಗುಡ್ಡೆ ಬೇಡ. ಬೆರೆಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿ.