ಊರಮನೆಯ ಕೋವಿ: ರಕ್ಷೆಯೋ, ಅಪಾಯವೋ?

ಮಕ್ಕಳೆಲ್ಲ ಮುಂಬಯಿ ಸೇರಿದ ಮೇಲೆ ಊರಿನ ತೋಟದ ಮನೆಯಲ್ಲಿ ಉಳಿಯುವವರು ವೃದ್ಧ ತಂದೆ-ತಾಯಿ ಮಾತ್ರ. ಅವರ ರಕ್ಷಣೆಗೆ ಕೋವಿ ಇರಬೇಕೇ? ಈ ಬಗ್ಗೆ ನಮ್ಮವರಲ್ಲೇ ಎರಡು ಅಭಿಪ್ರಾಯಗಳಿವೆ.

ಕೊಡಗಿನಲ್ಲಿ ಕೋವಿ ಸಂಸ್ಕೃತಿಯ ಭಾಗ. ಕೈಲ್ ಪೊಳ್ದ್ ಹಬ್ಬದಂದು ಅದಕ್ಕೆ ಪೂಜೆ ಸಲ್ಲುತ್ತದೆ. ಕೊಡವರು ಹಾಗೂ ಜಮ್ಮಾ ಹಿಡುವಳಿದಾರರಿಗಿರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ 10 ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕರಾವಳಿಯ ಕೃಷಿಕರಿಗಾದರೋ ಬೆಳೆ ರಕ್ಷಣೆಯ ಕೋವಿಗೂ ಪರವಾನಗಿ ಬೇಕು. ಚುನಾವಣೆ ಬಂದರೆ ಅದನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ಒಂಟಿಮನೆಯವರು ಆಗ ಏನು ಮಾಡಬೇಕು ಎಂಬುದು ಅವರ ಅಳಲು.

ಪೊಲೀಸರು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಕೋವಿ ಇದೆಯೆಂದರೆ ಕಳ್ಳ ಹೆದರುತ್ತಾನೆ ಎಂಬುದು ಒಂದು ವಾದ. ಕಳ್ಳನಿಗಿಂತ ಮೊದಲು ಮನೆಯವರ ಸಿಟ್ಟು, ಕುಡಿತ, ಮಕ್ಕಳ ಕುತೂಹಲವೇ ಕೋವಿಯನ್ನು ಮುಟ್ಟುತ್ತದೆ ಎಂಬುದು ಇನ್ನೊಂದು. ಕಾನೂನು ಆತ್ಮರಕ್ಷಣೆಯ ಹಕ್ಕನ್ನು ಒಪ್ಪುತ್ತದೆ, ಅಗತ್ಯ ಮೀರಿದ ಹಾನಿಯನ್ನು ಒಪ್ಪುವುದಿಲ್ಲ.

ಈ ಬಾರಿ ರಜೆಯಲ್ಲಿ ಊರಿಗೆ ಹೋದಾಗ ಕೋವಿ ಎಲ್ಲಿದೆ, ತೋಟೆ ಎಲ್ಲಿದೆ, ಬೀಗದ ಕೈ ಯಾರ ಬಳಿ ಇದೆ ಎಂದು ವಿಚಾರಿಸೋಣ. ಅಪ್ಪನ ಕೈ ನಡುಗುತ್ತಿದ್ದರೆ, ಕೋವಿಗಿಂತ ನೆರೆಮನೆಯವರ ಫೋನ್ ನಂಬರೇ ಹೆಚ್ಚಿನ ರಕ್ಷೆ.