ಇಂಧನವಿಲ್ಲದ ಜ್ವಾಲೆ: ಭದ್ರಾವತಿಯ ಪಾಠ

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ, ಈಗಿರುವುದು ಪುಚೊಂಗ್‌ನಲ್ಲಿ. ಇಲ್ಲಿ ಏಳುತ್ತಿರುವ ಬಹುಮಹಡಿ ಕಟ್ಟಡಗಳನ್ನು ನೋಡಿ ಮಗಳು ಕೇಳಿದಳು: “ಅಪ್ಪಾ, ಕಲ್ಲಿದ್ದಲು ಸುಡದೆ ಸಿಮೆಂಟ್ ಮಾಡೋಕೆ ಆಗಲ್ವಾ?”

ಅದಕ್ಕೊಂದು ದಾರಿ ಪ್ಲಾಸ್ಮಾ ಟಾರ್ಚ್. ಎರಡು ವಿದ್ಯುದ್ವಾರಗಳ ನಡುವಿನ ವಿದ್ಯುತ್ ಕಿಡಿಯ ಮೂಲಕ ಅನಿಲವನ್ನು ಹಾಯಿಸುತ್ತಾರೆ. ಅದು ಸಾವಿರಾರು ಡಿಗ್ರಿ ಕಾದು ಜ್ವಾಲೆಯಂತೆ ಚಿಮ್ಮುತ್ತದೆ; ಇಂಧನ ಉರಿಯುವುದಿಲ್ಲ. ಸಿಮೆಂಟ್ ಗೂಡಿಗೆ ಬೇಕಾದ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಅದಕ್ಕೆ ದೊಡ್ಡದಲ್ಲ. ಸ್ವೀಡನ್‌ನಲ್ಲಿ ಇದರ ಪ್ರಯೋಗಗಳು ನಡೆದಿವೆ.

ನಮ್ಮೂರಿಗೆ ಇಂಥ ಬದಲಾವಣೆ ಹೊಸದಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮಲೆನಾಡಿನ ಕಾಡಿನ ಇದ್ದಿಲನ್ನು ನಂಬಿತ್ತು. 1948ರಲ್ಲಿ ಜೋಗದಿಂದ ವಿದ್ಯುತ್ ಬಂತು. ಐವತ್ತರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಶಾಖವೇನೋ ವಿದ್ಯುತ್ತಿನದಾಯಿತು, ಆದರೆ ಅದಿರಿನಿಂದ ಆಮ್ಲಜನಕವನ್ನು ಬೇರ್ಪಡಿಸಲು ಇಂಗಾಲ ಬೇಕೇ ಬೇಕಿತ್ತು.

ಸಿಮೆಂಟಿನ ಕಥೆಯೂ ಹಾಗೆಯೇ. ಅದರ ತಯಾರಿಕೆಯಲ್ಲಿ ಹೊರಬೀಳುವ ಇಂಗಾಲದ ಡೈಆಕ್ಸೈಡಿನ ಸುಮಾರು ಶೇಕಡ 60ರಷ್ಟು ಸುಣ್ಣಕಲ್ಲಿನದೇ. ಟಾರ್ಚ್ ಅದನ್ನು ತಡೆಯದು. ಆದರೆ ಇಂಧನದ ಹೊಗೆ ಬೆರೆಯದಿದ್ದರೆ ಆ ಅನಿಲವನ್ನು ಹಿಡಿದಿಡುವುದು ಸುಲಭ.

ಇನ್ನೊಂದು ತೊಡಕು ವಿದ್ಯುತ್ತಿನ ಮೂಲ. ನಾವಿರುವ ಪರ್ಯಾಯ ದ್ವೀಪದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲು ಮತ್ತು ನೈಸರ್ಗಿಕ ಅನಿಲದಿಂದ ಬರುತ್ತದೆ. ಆ ವಿದ್ಯುತ್ತಿನಿಂದ ಟಾರ್ಚ್ ಹೊತ್ತಿಸಿದರೆ ಹೊಗೆ ಜಾಗ ಬದಲಿಸುತ್ತದೆ, ಅಷ್ಟೆ. ಸರವಾಕ್‌ನಲ್ಲಿ ಬಕುನ್ ಅಣೆಕಟ್ಟಿದೆ; ಆದರೆ ನಡುವೆ ದಕ್ಷಿಣ ಚೀನಾ ಸಮುದ್ರವಿದೆ.

ಮಗಳಿಗೆ ಹೇಳಿದೆ: “ಆಗುತ್ತೆ ಕಂದ. ಆದರೆ ಭದ್ರಾವತಿಗೆ ಜೋಗ ಇತ್ತು. ಇಲ್ಲೂ ಮೊದಲು ಅಂಥದ್ದೊಂದು ಬೇಕು.”