ಘಳಿಗೆಗೆ ಮುನ್ನೂರ ಅರವತ್ತು ಉಸಿರು

ಮನುಷ್ಯ ದಿನಕ್ಕೆ ಎಷ್ಟು ಸಲ ಉಸಿರಾಡುತ್ತಾನೆ? ಹರಿಕಥಾಮೃತಸಾರ ಬಾಯಿಪಾಠವಿರುವ ಅಜ್ಜಿಯರನ್ನು ಕೇಳಿ ನೋಡಿ, ತಡವರಿಸದೆ ಹೇಳುತ್ತಾರೆ: ಇಪ್ಪತ್ತೊಂದು ಸಾವಿರದ ಆರುನೂರು. ಘಳಿಗೆಗೆ 360 ಉಸಿರು, ದಿನಕ್ಕೆ 60 ಘಳಿಗೆ, ಗುಣಿಸಿಕೊಳ್ಳಿ. ಒಂದು ಘಳಿಗೆ ಎಂದರೆ 24 ನಿಮಿಷ. ಇಂದಿನ ಗಡಿಯಾರಕ್ಕೆ ತಂದರೆ ನಿಮಿಷಕ್ಕೆ 15 ಉಸಿರಾಯಿತು. ಆರೋಗ್ಯವಂತ ವಯಸ್ಕರು ಆರಾಮಾಗಿ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆಂದು ವೈದ್ಯರು ಹೇಳುತ್ತಾರೆ. ಅಜ್ಜಿಯ ಲೆಕ್ಕ ಅದರೊಳಗೇ ಕೂರುತ್ತದೆ.

ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಗಳಿಗೆ ಈ ಗುಣಾಕಾರ ಕಲಿಸಿದವರು ಯಾರು? ರಾಯಚೂರು ಸೀಮೆಯ ಮಾನ್ವಿಯ ಜಗನ್ನಾಥದಾಸರು. ಅವರ ಹರಿಕಥಾಮೃತಸಾರದಲ್ಲಿ ಶ್ವಾಸ ಸಂಧಿ ಎಂದೇ ಒಂದು ಭಾಗವಿದೆ. ಭಕ್ತಿಗ್ರಂಥ ಎಂದು ನಾವು ಪೂಜೆಯ ಮಣೆಯ ಮೇಲಿಟ್ಟಿರುವ ಈ ಪುಸ್ತಕ ನನಗೆ ಒಂದು ಪಠ್ಯಕ್ರಮವಾಗಿಯೂ ಕಾಣುತ್ತದೆ. ಮಾತೃಕಾ ಸಂಧಿ, ವರ್ಣಪ್ರಕ್ರಿಯಾ ಸಂಧಿ ಎಂದರೆ ಅಕ್ಷರಗಳ ವಿಚಾರ. ನಾಡೀಪ್ರಕರಣ ಎಂದರೆ ದೇಹದ ವಿಚಾರ. ಭೋಜನ ಸಂಧಿಯಲ್ಲಿ ಅನ್ನದ ವಿಚಾರ. ಪಂಚತನ್ಮಾತ್ರ ಸಂಧಿಯಲ್ಲಿ ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮಗಳಿಗೆ ದಕ್ಕುವ ಲೋಕದ ವಿಚಾರ. ಎಲ್ಲವೂ ಕೊನೆಗೆ ಹರಿಯ ಕಡೆಗೇ ತಿರುಗುತ್ತವೆ, ನಿಜ. ಆದರೆ ತಿರುಗುವ ಮೊದಲು ಅಕ್ಷರವನ್ನು, ಅಂಕಿಯನ್ನು, ಅನ್ನವನ್ನು ಬಿಡಿಬಿಡಿಯಾಗಿ ನೋಡಿಯೇ ತಿರುಗುತ್ತವೆ.

ಯುರೋಪಿನ ಹಳೆಯ ಪಾಠಶಾಲೆಗಳಲ್ಲಿ ಏಳು ವಿದ್ಯೆಗಳೆಂಬ ಕಟ್ಟಳೆಯಿತ್ತು. ಮೊದಲು ವ್ಯಾಕರಣ, ತರ್ಕ, ವಾಕ್ಕಲೆ. ಆಮೇಲೆ ಅಂಕಗಣಿತ, ರೇಖಾಗಣಿತ, ಖಗೋಳ, ಸಂಗೀತ. ಕಸುಬು ಕಲಿಸುವುದಕ್ಕಲ್ಲ, ಯಾರ ಹಂಗಿಲ್ಲದೆ ಯೋಚಿಸಬಲ್ಲವನನ್ನು ಬೆಳೆಸುವುದಕ್ಕೆ ಇವು ಎಂದು ಅವರು ತಿಳಿದಿದ್ದರು. ನಮ್ಮಲ್ಲಿ ಇದಕ್ಕೆ ಹತ್ತಿರದ ಮಾತು ‘ಪದವಾಕ್ಯಪ್ರಮಾಣ’. ಪದವೆಂದರೆ ವ್ಯಾಕರಣ, ವಾಕ್ಯವೆಂದರೆ ಮೀಮಾಂಸೆ, ಪ್ರಮಾಣವೆಂದರೆ ನ್ಯಾಯಶಾಸ್ತ್ರ. ಮೂರನ್ನೂ ಬಲ್ಲವನು ಪದವಾಕ್ಯಪ್ರಮಾಣಜ್ಞ. ಈ ಬಿರುದು ಸುಮ್ಮನೆ ಬರುತ್ತಿರಲಿಲ್ಲ. ಅಮರಕೋಶ, ಶಬ್ದರೂಪ, ಧಾತುರೂಪ ಬಾಯಿಗೆ ಬರಬೇಕು. ರಘುವಂಶ, ಕಿರಾತಾರ್ಜುನೀಯ ಅರ್ಥಸಹಿತ ಓದಬೇಕು. ತರ್ಕಸಂಗ್ರಹ ಮುಗಿಯಬೇಕು. ಆಮೇಲಷ್ಟೇ ವೇದಾಂತದ ಮಾತು. ಮಾಧ್ವ ಪರಂಪರೆಯಲ್ಲಿ ಈ ಓದಿನ ತುದಿ ಜಯತೀರ್ಥರ ನ್ಯಾಯಸುಧಾ. ಅದರ ಪಾಠ ಮುಗಿದ ದಿನ ನಡೆಯುವ ಸುಧಾಮಂಗಳ ಇವತ್ತಿಗೂ ವಿದ್ಯಾರ್ಥಿಯ ಬದುಕಿನ ದೊಡ್ಡ ದಿನ.

ಈ ನೆಲಕ್ಕೆ ಇಂಥ ಓದು ಹೊಸದಲ್ಲ. ಕಲಬುರಗಿ ಜಿಲ್ಲೆ ಚಿತ್ತಾಪುರದ ಬಳಿ ನಾಗಾವಿ ಇದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, 1058ರ ಶಾಸನದ ಪ್ರಕಾರ, ಅಲ್ಲೊಂದು ಘಟಿಕಾಸ್ಥಾನವಿತ್ತು. ವೇದ ಓದುವವರು ಇನ್ನೂರು ಮಂದಿ, ಶಾಸ್ತ್ರ ಓದುವವರು ಸುಮಾರು ಐವತ್ತು. ಗುರುಗಳ ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರೂ ಇದ್ದರು, ಎಂದರೆ ಗ್ರಂಥಪಾಲಕರು. ಸಾವಿರ ವರ್ಷದ ಹಿಂದಿನ ಸಂಸ್ಥೆಯೊಂದು ಪುಸ್ತಕ ಕಾಯುವುದಕ್ಕೇ ಆರು ಜನರನ್ನು ಇಟ್ಟುಕೊಂಡಿತ್ತು ಎಂಬುದನ್ನು ನಮ್ಮ ಕಾಲೇಜುಗಳ ಆಡಳಿತ ಮಂಡಳಿಗಳು ಗೋಡೆಯ ಮೇಲೆ ಬರೆಸಿಡಬೇಕು. ಮುಂದೆ ಬಹಮನಿಗಳ ಕಾಲದಲ್ಲಿ, 1472ರಲ್ಲಿ, ಬೀದರಿನಲ್ಲಿ ಮಹಮೂದ್ ಗವಾನನ ಮದರಸಾ ಎದ್ದಿತು. ರಾಯಚೂರು ದೋಆಬ್ ಈ ಎರಡೂ ವಿದ್ಯಾಲೋಕಗಳ ನೆರಳು ಕಂಡ ಸೀಮೆ.

ಆದರೆ ನಾನು ಹೇಳಹೊರಟಿದ್ದು ದೊಡ್ಡ ಕಟ್ಟಡಗಳ ಸುದ್ದಿಯಲ್ಲ, ಹಳ್ಳಿಗಳ ಸುದ್ದಿ. ತುಂಗಭದ್ರೆಯ ದಂಡೆಯ ಚೀಕಲಪರ್ವಿ, ಮಾನ್ವಿಯ ಸೀಮೆಯದು. ಅಲ್ಲಿ ಹುಟ್ಟಿದವರು ವಿಜಯದಾಸರು (1682–1755). ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದವರು ಅವರ ಶಿಷ್ಯ ಗೋಪಾಲದಾಸರು. ಮಾನ್ವಿಯ ಹತ್ತಿರದ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದವರು ಜಗನ್ನಾಥದಾಸರು. ಒಂದು ಜಿಲ್ಲೆಯ ಮೂರು ಹಳ್ಳಿ, ಒಂದೇ ಶತಮಾನ. ಪುರಂದರ, ಕನಕರ ಕಾಲದ ನಂತರ ದಾಸಸಾಹಿತ್ಯ ಎರಡನೆಯ ಸಲ ಚಿಗುರಿದ್ದು ಇಲ್ಲಿ.

ಜಗನ್ನಾಥದಾಸರ ಮೊದಲ ಹೆಸರು ಶ್ರೀನಿವಾಸಾಚಾರ್ಯ. ತಂದೆ ಕರಣಿಕರು, ಎಂದರೆ ಲೆಕ್ಕಪತ್ರದ ಮನೆ. ಹುಡುಗ ಮಂತ್ರಾಲಯ ಮಠದ ವರದೇಂದ್ರತೀರ್ಥರ ಬಳಿ ಓದಿ, ಶಾಸ್ತ್ರದಲ್ಲಿ ಗಟ್ಟಿಯಾಗಿ, ಮಾನ್ವಿಯಲ್ಲಿ ಪಾಠ ಹೇಳುವ ಆಚಾರ್ಯರಾದರು. ಮುಂದಿನದು ಪರಂಪರೆ ಹೇಳುವ ಕತೆ. ವಿಜಯದಾಸರು ಮಾನ್ವಿಗೆ ಬಂದಾಗ ಈ ಆಚಾರ್ಯರನ್ನು ಊಟಕ್ಕೆ ಕರೆದರು. ಕನ್ನಡದಲ್ಲಿ ಹಾಡಿಕೊಂಡು ತಿರುಗುವವರ ಪಂಕ್ತಿಯಲ್ಲಿ ಕೂರಲು ಸಂಸ್ಕೃತ ಪಂಡಿತರಿಗೆ ಮನಸ್ಸಾಗಲಿಲ್ಲ. ಹೊಟ್ಟೆನೋವೆಂದು ಹೇಳಿ ಕಳಿಸಿದರು. ಆಡಿದ ನೆವ ನಿಜದ ನೋವಾಯಿತು. ಯಾವ ಔಷಧಕ್ಕೂ ಬಗ್ಗಲಿಲ್ಲ. ವಿಜಯದಾಸರು ಅವರನ್ನು ಗೋಪಾಲದಾಸರ ಬಳಿ ಕಳಿಸಿದರು. ಗೋಪಾಲದಾಸರು ಜೋಳದ ರೊಟ್ಟಿ ಉಣ್ಣಿಸಿ, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆಯೆರೆದರು. ಪಂಡಿತರು ಪಂಢರಪುರಕ್ಕೆ ಹೋಗಿ ಚಂದ್ರಭಾಗೆಯಲ್ಲಿ ಮಿಂದು ‘ಜಗನ್ನಾಥವಿಠಲ’ ಅಂಕಿತದೊಡನೆ ಮರಳಿದರು.

ಆಯುಷ್ಯದಾನದ ಮಾತು ನಂಬುವವರ ನಂಬಿಕೆಗೆ ಬಿಟ್ಟಿದ್ದು. ನನ್ನ ಗಮನ ಇರುವುದು ರೊಟ್ಟಿಯ ಮೇಲೆ. ಶಾಸ್ತ್ರದ ತುದಿ ಮುಟ್ಟಿದವರು ಜೋಳ ತಿನ್ನುವವರ ಮಾತಿಗೆ ಇಳಿದು ಬಂದರು. ಇಳಿದರು ಎಂಬ ಪದವೂ ಸರಿಯಲ್ಲ. ವ್ಯಾಕರಣ, ತರ್ಕ, ಅಲಂಕಾರ ಮೂರನ್ನೂ ಹೊತ್ತುಕೊಂಡೇ ಕನ್ನಡಕ್ಕೆ ಬಂದರು.

ಅವರು ಆರಿಸಿಕೊಂಡ ಛಂದಸ್ಸು ನೋಡಿ. ಹರಿಕಥಾಮೃತಸಾರ ಭಾಮಿನೀ ಷಟ್ಪದಿಯಲ್ಲಿದೆ, ಕುಮಾರವ್ಯಾಸನ ಭಾರತದ ಛಂದಸ್ಸು. ಗಮಕಿಗಳ ಬಾಯಲ್ಲಿ, ಗುಡಿಯ ಕಟ್ಟೆಯ ಮೇಲೆ ಜನ ಕೇಳಿ ಬಲ್ಲ ನಡೆ. ಮೂರು-ನಾಲ್ಕು, ಮೂರು-ನಾಲ್ಕು ಎಂದು ಮಾತ್ರೆಗಳು ಹೆಜ್ಜೆ ಹಾಕುತ್ತವೆ. ಸಣ್ಣ ಸಾಲಿಗೆ 14, ಮೂರನೆಯ ಮತ್ತು ಆರನೆಯ ಉದ್ದ ಸಾಲಿಗೆ 23, ಒಟ್ಟು 102 ಮಾತ್ರೆ. ಎಲ್ಲ ಸಾಲುಗಳ ಎರಡನೆಯ ಅಕ್ಷರದಲ್ಲಿ ಪ್ರಾಸ. ಇದನ್ನು ಸೂತ್ರವಾಗಿ ಕಲಿಸಬೇಕಿಲ್ಲ. ತೊಡೆಯ ಮೇಲೆ ಕೈತಟ್ಟುತ್ತಾ ಹತ್ತು ಪದ್ಯ ಹೇಳಿದ ಮಗುವಿಗೆ ಹನ್ನೊಂದನೆಯ ಪದ್ಯದಲ್ಲಿ ಒಂದು ಮಾತ್ರೆ ತಪ್ಪಿದರೂ ಕೈಯೇ ಎಡವುತ್ತದೆ. ವ್ಯಾಕರಣ ಪುಸ್ತಕ ಹೇಳುವ ಮೊದಲೇ ಅಂಗೈ ಹೇಳುತ್ತದೆ.

ಪಾಠದ ಕ್ರಮವೂ ಹಾಗೆಯೇ. ಗುರು ಒಂದು ಸಲ ಹೇಳುವುದು, ಶಿಷ್ಯರು ಎರಡು ಸಲ ಹೇಳುವುದು. ಇದಕ್ಕೆ ಸಂಥೆ ಎನ್ನುತ್ತಾರೆ. ಬಾಯಿಗೆ ಬಂದ ಮೇಲೆ ಒಪ್ಪಿಸುವುದು. ಒಪ್ಪಿಸಿದ ಮೇಲೆ ಪದಚ್ಛೇದ, ಅನ್ವಯ, ಅರ್ಥ. ಅರ್ಥವಾದ ಮೇಲೆ ಪ್ರಶ್ನೆ. ಹಿರಿಯ ವಿದ್ಯಾರ್ಥಿಗಳಿಗಾದರೆ ವಾಕ್ಯಾರ್ಥ: ಒಬ್ಬ ಪೂರ್ವಪಕ್ಷ ಹಿಡಿಯುತ್ತಾನೆ, ಇನ್ನೊಬ್ಬ ಸಿದ್ಧಾಂತ ಹೇಳುತ್ತಾನೆ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ ತೋರಿಸದೆ ಅದನ್ನು ಖಂಡಿಸುವ ಹಕ್ಕಿಲ್ಲ ಎಂಬುದು ಈ ಕಟ್ಟಳೆಯ ತಿರುಳು. ಟೀವಿಯ ಚರ್ಚೆಗಳನ್ನು ನೋಡಿ ದಣಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಕೊನೆಗೆ ರಾಗ. ವಿಜಯದಾಸರ ಸುಳಾದಿಗಳನ್ನು ಕಲಿಯುವುದೆಂದರೆ ತಾಳ ಕಲಿಯುವುದು. ಧ್ರುವ, ಮಟ್ಟ, ತ್ರಿಪುಟ, ಅಟ್ಟ ಎಂದು ಒಂದೇ ರಚನೆಯೊಳಗೆ ತಾಳ ಬದಲಾಗುತ್ತಾ ಹೋಗುತ್ತದೆ. ಹಾಡು ಕಲಿತವನಿಗೆ ಲೆಕ್ಕ ಬಂದಿರುತ್ತದೆ.

ಜಗನ್ನಾಥದಾಸರ ಇನ್ನೊಂದು ಕೃತಿ ತತ್ತ್ವಸುವ್ವಾಲಿ. ಇದು ತ್ರಿಪದಿಯಲ್ಲಿದೆ, ಬೀಸುವ ಕಲ್ಲಿನ ಹಾಡಿನ ಛಂದಸ್ಸು. ಸುವ್ವಿ ಎನ್ನುವುದು ಕುಟ್ಟುವಾಗ, ಬೀಸುವಾಗ ಹೆಣ್ಣುಮಕ್ಕಳು ಹಿಡಿಯುವ ಸೊಲ್ಲು. ಪಾಠಶಾಲೆಗೆ ಬರಲಾಗದವರ ಅಡುಗೆಮನೆಗೆ ಪಾಠಶಾಲೆಯೇ ಹೋಯಿತು. ಇಡೀ ಪರಂಪರೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವ ಕೆಲಸ ಇದೇ.

ಏಕೆ ದೊಡ್ಡದು ಎನ್ನುವುದಕ್ಕೆ ಒಂದು ಅಂಕಿ ಸಾಕು. ಅದು ನೆರೆಯ ಬಳ್ಳಾರಿ ಜಿಲ್ಲೆಯದು; ತುಂಗಭದ್ರೆಯ ಆಚೆ ದಡದ ಆದವಾನಿ ಆಗ ಆ ಜಿಲ್ಲೆಗೇ ಸೇರಿತ್ತು. ಮದರಾಸಿನ ಗವರ್ನರ್ ಥಾಮಸ್ ಮನ್ರೋ ಕೇಳಿದ್ದಕ್ಕೆ, ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರಲ್ಲಿ ಜಿಲ್ಲೆಯ ಶಾಲೆಗಳ ವರದಿ ಬರೆದ. ಒಟ್ಟು 533 ಶಾಲೆಗಳು. ಕನ್ನಡದವು 235, ತೆಲುಗಿನವು 226, ಮರಾಠಿ ಮತ್ತು ಸಂಸ್ಕೃತದವು ತಲಾ 23, ಪಾರ್ಸಿ 21, ತಮಿಳು 4, ಇಂಗ್ಲಿಷಿನದು ಒಂದು. ವಿದ್ಯಾರ್ಥಿಗಳು 6,641. ಅವರಲ್ಲಿ ಹುಡುಗಿಯರು ಅರವತ್ತು ಮಾತ್ರ.

ಈ ವರದಿ ಓದುವಾಗ ಸಂತೋಷವೂ ಆಗುತ್ತದೆ, ಸಂಕಟವೂ ಆಗುತ್ತದೆ. ನಾವು ಕೂಲಿಮಠ ಎನ್ನುತ್ತೇವಲ್ಲ, ಅಂಥ ಹಳ್ಳಿಶಾಲೆಗಳಲ್ಲಿ ಮಕ್ಕಳು ಮರಳಿನಲ್ಲಿ ಅಕ್ಷರ ತಿದ್ದುತ್ತಿದ್ದರು. ದೊಡ್ಡ ಹುಡುಗರು ಸಣ್ಣವರಿಗೆ ಕಲಿಸುತ್ತಿದ್ದರು. ಕಡಿಮೆ ಖರ್ಚಿನ ಈ ಪದ್ಧತಿಯನ್ನು ಇಂಗ್ಲೆಂಡಿನವರು ನಕಲು ಮಾಡಿದ್ದು ಸರಿಯೇ ಎಂದು ಕ್ಯಾಂಬೆಲ್ ಮೆಚ್ಚಿದ. ಬಳಕೆಯಲ್ಲಿದ್ದ ಪುಸ್ತಕಗಳ ಪಟ್ಟಿಯಲ್ಲಿ ರಾಮಾಯಣ, ಭಾರತಗಳ ಜೊತೆ ಬಸವಪುರಾಣ, ಗಿರಿಜಾಕಲ್ಯಾಣ, ಅಮರ, ಶಬ್ದಮಣಿದರ್ಪಣಗಳೂ ಇವೆ. ಕೇಶಿರಾಜನ ವ್ಯಾಕರಣ ಹಳ್ಳಿಶಾಲೆಯ ಪುಸ್ತಕವಾಗಿತ್ತು! ಆದರೆ ಅದೇ ಕ್ಯಾಂಬೆಲ್ ಇನ್ನೊಂದನ್ನೂ ಬರೆದ: ಮಕ್ಕಳು ಪದ್ಯಗಳನ್ನು ಗಿಳಿಯಂತೆ ಒಪ್ಪಿಸುತ್ತಾರೆ, ಕಾವ್ಯದ ಭಾಷೆ ಆಡುಮಾತಿನಿಂದ ದೂರವಿರುವುದರಿಂದ ಹೇಳಿದ್ದರ ಅರ್ಥ ಅವರಿಗೆ ತಿಳಿಯದು, ಎಷ್ಟೋ ಕಡೆ ಕಲಿಸುವವನಿಗೂ ತಿಳಿಯದು. ಈ ಆಕ್ಷೇಪವನ್ನು ಪರದೇಶಿಯವನ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ಮಾತು ಸುಳ್ಳಲ್ಲ. ಸಂಥೆಯಲ್ಲಿ ನಿಂತು ಅರ್ಥಕ್ಕೆ ಹೋಗದ ಪಾಠ ಅರ್ಧ ಪಾಠ. ಶಾಸ್ತ್ರದ ಪಾಠಶಾಲೆಯ ಬಾಗಿಲು ಹುಟ್ಟು ನೋಡಿ ತೆರೆಯುತ್ತಿತ್ತು ಎಂಬುದನ್ನೂ ಮರೆಮಾಚಬಾರದು. ಮನಸ್ಸು ಬಿಡಿಸುವ ವಿದ್ಯೆ ಕೆಲವರಿಗೆ ಮಾತ್ರ ಎಂದರೆ ಅದು ತನ್ನ ಹೆಸರಿಗೇ ದ್ರೋಹ.

ಆ ಬಾಗಿಲನ್ನು ರಾಯಚೂರು ನಗರದಲ್ಲಿ ಅಗಲ ಮಾಡಿದವರಲ್ಲಿ ಮೊದಲ ಹೆಸರು ಪಂಡಿತ ತಾರಾನಾಥರದು (1891–1942). ಮಂಗಳೂರಿನ ಕಡೆಯವರು, ನಿಜಾಮರ ಆಳ್ವಿಕೆಯ ರಾಯಚೂರಿಗೆ ಬಂದರು. ರಾಜ್ಯದ ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಆಗ ಉರ್ದುವೇ ಆಗಿತ್ತು. ಅಂಥ ಹೊತ್ತಿನಲ್ಲಿ ತಾರಾನಾಥರು ಕನ್ನಡದ ಮಕ್ಕಳಿಗಾಗಿ ಕಟ್ಟಿದ ಶಾಲೆಯ ಹೆಸರು ಹಮ್‌ದರ್ದ್. ಈ ಪದದ ಅರ್ಥ ನೋವಿನಲ್ಲಿ ಜೊತೆಯಾದವನು ಎಂದು. ಕನ್ನಡ ಉಳಿಸುವ ಶಾಲೆಗೆ ಆಳುವವರ ಭಾಷೆಯ ಸವಿಯಾದ ಪದವನ್ನೇ ಇಟ್ಟ ಆ ಮನಸ್ಸಿನ ಹದ ಎಂಥದ್ದು! ಅವರು ಆಯುರ್ವೇದದ ವೈದ್ಯರು, ಸಂಗೀತ ಬಲ್ಲವರು, ಹಲವು ಭಾಷೆ ಬಲ್ಲವರು, ‘ದೀನಬಂಧು ಕಬೀರ’ ನಾಟಕ ಬರೆದವರು. ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಆಶ್ರಮ ನಡೆಸಿದರು. ಅವರ ಮಗ ರಾಜೀವ ತಾರಾನಾಥರು ಸರೋದ್ ವಾದಕರಾಗಿ ಜಗತ್ತಿಗೆ ಗೊತ್ತು. ಇಂಗ್ಲಿಷ್ ಸಾಹಿತ್ಯವನ್ನೂ ಪಾಠ ಹೇಳಿದರು, ಸಂಗೀತವನ್ನೂ ಪಾಠ ಹೇಳಿದರು. ಎರಡರ ನಡುವೆ ಗೋಡೆಯಿದೆ ಎಂದು ಅವರಿಗೆ ಅನಿಸಲೇ ಇಲ್ಲ. ರಾಯಚೂರಿನ ತಾರಾನಾಥ ಶಿಕ್ಷಣ ಸಂಸ್ಥೆ ಇಂದಿಗೂ ಆ ಹೆಸರನ್ನು ಹೊತ್ತಿದೆ.

ಮಾನ್ವಿಯ ದಾಸರಿಗೂ ರಾಯಚೂರಿನ ಪಂಡಿತರಿಗೂ ನಡುವೆ ನೂರು ವರ್ಷಕ್ಕೂ ಹೆಚ್ಚು ಅಂತರವಿದೆ. ಒಬ್ಬರದು ಮಠದ ದಾರಿ, ಇನ್ನೊಬ್ಬರದು ಕಬೀರನ ದಾರಿ. ಆದರೂ ಇಬ್ಬರಲ್ಲೂ ವಿದ್ಯೆ ಒಡೆದ ತುಂಡುಗಳಾಗಿರಲಿಲ್ಲ. ದೇಹ, ಭಾಷೆ, ಹಾಡು, ತರ್ಕ ಒಂದೇ ಕೋಣೆಯಲ್ಲಿ ಕೂತಿದ್ದವು. ಈಗ ನಮ್ಮ ಹುಡುಗರಿಗೆ ಒಂಬತ್ತನೆಯ ತರಗತಿಯಲ್ಲೇ ‘ಸಾಯನ್ಸಾ, ಆರ್ಟ್ಸಾ’ ಎಂದು ಕೇಳುತ್ತೇವೆ. ಆರ್ಟ್ಸ್ ಎಂದವನ ಮುಖ ಮನೆಯವರೂ ಸರಿಯಾಗಿ ನೋಡುವುದಿಲ್ಲ. ನಮ್ಮ ಸೀಮೆಯ ಹಿರಿಯರು ಕೇಳದ ಪ್ರಶ್ನೆ ಇದು.

ಹಳೆಯ ಪಾಠ ಪೂರ್ತಿ ನಿಂತಿಲ್ಲ. ಭಜನಾ ಮಂಡಳಿಗಳ ಹೆಣ್ಣುಮಕ್ಕಳು ಹರಿಕಥಾಮೃತಸಾರದ ಸಂಧಿಗಳನ್ನು ಒಟ್ಟಾಗಿ ಹೇಳುತ್ತಾರೆ. ಪ್ರತಿ ಸಂಧಿಯ ಮೊದಲು ಅದೇ ಒಂದು ಪಲ್ಲವಿಯ ಪದ್ಯ. ಗುರುಗಳ ಕರುಣೆಯಿಂದ ಆದಷ್ಟು ಹೇಳುತ್ತೇನೆ ಎಂಬ ಅದರ ಧಾಟಿ ನನಗೆ ಅಧ್ಯಾಪಕನ ಪ್ರತಿಜ್ಞೆಯಂತೆ ಕೇಳುತ್ತದೆ. ಜಗನ್ನಾಥದಾಸರು 1809ರ ಭಾದ್ರಪದ ಶುದ್ಧ ನವಮಿಯಂದು ತೀರಿಕೊಂಡರು. ವರ್ಷವರ್ಷ ಆ ತಿಥಿಯಂದು ಮಾನ್ವಿಯಲ್ಲಿ ಆರಾಧನೆ ನಡೆಯುತ್ತದೆ. ರಾಯಚೂರಿನಿಂದ ಬಸ್ಸಿನ ಹಾದಿ. ಭಕ್ತಿಯಿದ್ದರೆ ಭಕ್ತಿಗಾಗಿ, ಇಲ್ಲದಿದ್ದರೆ ಕನ್ನಡಕ್ಕಾಗಿ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ.

ಇನ್ನೊಂದು ವಿನಂತಿ. ಲಿಂಗಸೂಗೂರಿನ ಗೋರಬಾಳ ಹನುಮಂತರಾಯರು ದಾಸರ ಪದ, ಸುಳಾದಿಗಳನ್ನು ಹಸ್ತಪ್ರತಿಗಳಿಂದ ಹುಡುಕಿ ಅಚ್ಚು ಹಾಕಿಸದಿದ್ದರೆ ನಾವು ಇಂದು ಓದುತ್ತಿರುವುದರಲ್ಲಿ ಎಷ್ಟೋ ಉಳಿಯುತ್ತಿರಲಿಲ್ಲ. ಅವರ ಕೈಗೆ ಸಿಗದ ಕಟ್ಟುಗಳು ದೇವದುರ್ಗ, ಮಾನ್ವಿಯ ಹಳೆಯ ಮನೆಗಳ ಅಟ್ಟದ ಮೇಲೆ, ಜಂತಿಯ ಸಂದಿಯಲ್ಲಿ ಇನ್ನೂ ಇರಬಹುದು. ಮನೆ ಕೆಡವಿ ಕಟ್ಟಿಸುವಾಗ ಕೆಂಪು ಬಟ್ಟೆಯ ಗಂಟು ಸಿಕ್ಕರೆ ದಯವಿಟ್ಟು ಹೊಳೆಗೆ ಬಿಡಬೇಡಿ. ಬಿಚ್ಚಿ, ದೂಳು ಝಾಡಿಸಿ, ಒಂದೊಂದು ಪುಟದ ಫೋಟೋ ತೆಗೆದು, ಹತ್ತಿರದ ಕಾಲೇಜಿನ ಕನ್ನಡ ಮೇಷ್ಟ್ರಿಗೆ ತೋರಿಸಿ.